ಊತವೋ, ಸವೆತವೋ? ಗಂಟು ನೋವಿಗೆ ದಾರಿ ಆರಿಸುವ ಮುಂಚೆ

ಒಂದು ಸೀಮಂತಕ್ಕೆ ಹಸಿರು ಬಳೆ ತರಲು ನಾನು, ಅತ್ತಿಗೆ ಮುಂಬೈಯ ದಾದರ್‌ಗೆ ಹೋಗಿದ್ದೆವು. ಬಳೆಗಾರ ಅಭ್ಯಾಸದಂತೆ ಅತ್ತಿಗೆಯ ಕೈ ಹಿಡಿದು, ಬೆರಳ ಬುಡದ ಗಂಟುಗಳನ್ನೆಲ್ಲ ಒಟ್ಟಿಗೆ ಒತ್ತಿ, ಬಳೆ ತೂರಿಸಲು ನೋಡಿದ. ಅತ್ತಿಗೆ ಕಿರುಚಿದರು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಗಾಬರಿಯಾಗಿ ಕೈ ಬಿಟ್ಟು, "ವಹಿನಿ, ಹಾತ್ ಸುಜಲಾಯ್ ತುಮಚಾ" ಎಂದ. ಕೈ ಊದಿದೆಯಂತೆ. ದಿನಾ ಜೊತೆಗೇ ಇರುವ ನಮಗೆ ಕಂಡಿರಲಿಲ್ಲ.

ಅಷ್ಟು ಹೊತ್ತಿಗೆ ನಮ್ಮ ಡೊಂಬಿವಲಿ ಮನೆಯಲ್ಲಿ ಎರಡು ತಿಂಗಳಿಂದ ಒಂದು ಪದ್ಧತಿ ನಡೆದಿತ್ತು. ದೊಡ್ಡಪ್ಪನಿಗೆ ಮಂಡಿ ನೋವು. ಮಾಟುಂಗದ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತ ಮಂಡಿ ಅದು. ಅವರಿಗೆ ಬರೆದುಕೊಟ್ಟ ನೋವಿನ ಮಾತ್ರೆ ಡೈಕ್ಲೋಫಿನ್ಯಾಕ್‌ನ ಸ್ಟ್ರಿಪ್ಪಿನಿಂದಲೇ ಅತ್ತಿಗೆಯೂ ಒಂದೊಂದು ಮುರಿದು ನುಂಗುತ್ತಿದ್ದರು. ಗಂಟು ನೋವು ಅಂದರೆ ಗಂಟು ನೋವು, ಅಲ್ವಾ? ಅಲ್ಲ. ಒಬ್ಬರದು ಸವೆತ, ಇನ್ನೊಬ್ಬರದು ಊತ. ಇವೆರಡನ್ನು ಬೇರೆ ಮಾಡದೆ ಯಾವ ಮಾತ್ರೆ, ಯಾವ ಇಂಜೆಕ್ಷನ್, ಯಾವ ಆಸ್ಪತ್ರೆ ಎಂದು ಹೋಲಿಸಿದರೆ ದುಡ್ಡೂ ದಂಡ, ಗಂಟೂ ದಂಡ. ನಾನು ಡಾಕ್ಟರಲ್ಲ. ಇಬ್ಬರ ಫೈಲುಗಳನ್ನೂ ಹೊತ್ತುಕೊಂಡು ತಿರುಗಿದ್ದೇನೆ, ಸಂಶೋಧನೆಗಳು ಏನು ಹೇಳುತ್ತವೆ ಎಂದು ಕೂತು ಓದಿದ್ದೇನೆ. ಅದರ ಲೆಕ್ಕ ಇದು.

ಬೆಳಿಗ್ಗೆ ಎಷ್ಟು ಹೊತ್ತು?

ಮೊದಲು ಕೇಳಿಕೊಳ್ಳಬೇಕಾದ್ದು ನೋವು ಎಷ್ಟು ಎಂದಲ್ಲ. ಎದ್ದ ಮೇಲೆ ಗಂಟು ಸಡಿಲವಾಗಲು ಎಷ್ಟು ಹೊತ್ತು ಬೇಕು ಎಂದು. ದೊಡ್ಡಪ್ಪನ ಮಂಡಿ ಚಹಾ ಕುದಿಯುವಷ್ಟರಲ್ಲಿ ಬಿಡುತ್ತದೆ. ಆಮೇಲೆ ದಿನವಿಡೀ ನಡೆದು ಸಂಜೆಗೆ ನೋವು ಜಾಸ್ತಿ. ಅತ್ತಿಗೆಯದು ಉಲ್ಟಾ. ಬೆಳಿಗ್ಗೆ ಆರಕ್ಕೆ ಕುಕ್ಕರಿನ ಮುಚ್ಚಳ ತಿರುಗಿಸಲು ಆಗುವುದಿಲ್ಲ, ನೆಲ ಒರೆಸುವ ಬಟ್ಟೆ ಹಿಂಡಲು ಆಗುವುದಿಲ್ಲ. ಅಣ್ಣ ಎಂಟು ಗಂಟೆಯ ಲೋಕಲ್ ಹಿಡಿದು ಹೋದ ಮೇಲೂ ಬೆರಳು ಮರದ ತುಂಡಿನಂತೆ. ಹತ್ತಕ್ಕೆ ಕೆಲಸ ಮಾಡುತ್ತ ಮಾಡುತ್ತ ಸರಿಹೋಗುತ್ತದೆ. ಅರ್ಧ ಗಂಟೆಯೊಳಗೆ ಬಿಟ್ಟರೆ ಸಾಮಾನ್ಯವಾಗಿ ಸವೆತ. ಒಂದು ಗಂಟೆ ದಾಟಿದರೆ ಊತದ ಕಡೆ ಅನುಮಾನ.

ಎರಡನೆಯದು ಜಾಗ. ಮಂಡಿ, ಹೆಬ್ಬೆರಳ ಬುಡ, ಬೆರಳ ತುದಿಯ ಗಂಟು ಸವೆತದ ಮೆಚ್ಚಿನ ಜಾಗಗಳು. ಮಣಿಕಟ್ಟು, ಬೆರಳ ಬುಡ ಮತ್ತು ನಡುಗಂಟು, ಅದೂ ಎರಡೂ ಕೈಗಳಲ್ಲಿ ಒಟ್ಟಿಗೆ ಎಂದರೆ ರೂಮಟಾಯ್ಡ್ ಆರ್ಥ್ರೈಟಿಸ್ ಇರಬಹುದು. ಇಲ್ಲಿನ ಮರಾಠಿ ನೆರೆಯವರೂ ನಮ್ಮ ಅಜ್ಜಿಯೂ ಆಮವಾತ ಎನ್ನುವುದು ಇದನ್ನೇ. ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಗಂಟಿನ ಒಳಪೊರೆಯ ಮೇಲೆ ಬೀಳುತ್ತದೆ. ಆಮೇಲೆ ನಾವು ಕಂಡ ತಜ್ಞರು ಮೊದಲು ಮಾಡಿದ ಪರೀಕ್ಷೆ ಯಾವುದು ಗೊತ್ತೇ? ಬೆರಳ ಬುಡದ ಗಂಟುಗಳನ್ನು ಅಡ್ಡಕ್ಕೆ ಹಿಡಿದು ಒತ್ತಿ ನೋಡಿದ್ದು. ಬಳೆಗಾರನದೇ ಒತ್ತು. ಫೀಸು ಮಾತ್ರ ಬೇರೆ.

ಬೇರೆ ವಾತಗಳೂ ಇವೆ. ರಾತ್ರೋರಾತ್ರಿ ಕಾಲಿನ ಹೆಬ್ಬೆಟ್ಟು ಕೆಂಪಾಗಿ ಊದಿ ಬೆಡ್‌ಶೀಟು ತಾಗಿದರೂ ಜೀವ ಹೋಗುವಂತಾದರೆ ಗೌಟ್ ಇರಬಹುದು. ಇಪ್ಪತ್ತೈದರ ಹುಡುಗನಿಗೆ ಬೆನ್ನುನೋವು ರಾತ್ರಿ ಎಬ್ಬಿಸಿ, ಓಡಾಡಿದರೆ ಕಡಿಮೆಯಾಗುತ್ತಿದ್ದರೆ ಅದು ಮೂಟೆ ಎತ್ತಿದ ನೋವಲ್ಲ, ಬೆನ್ನೆಲುಬಿನ ಊತ ಇರಬಹುದು. ಮಳೆಗಾಲದಲ್ಲಿ ಜ್ವರ ಬಂದು ಗಂಟೆಲ್ಲ ಹಿಡಿದರೆ ಮುಂಬೈಯಲ್ಲಿ ಮೊದಲು ನೆನಪಾಗಬೇಕಾದ್ದು ಚಿಕುನ್‌ಗುನ್ಯಾ. ಆ ಹೆಸರಿನ ಅರ್ಥವೇ ಬಗ್ಗಿಸಿಬಿಡುವುದು ಎಂದು. ಅದರ ಗಂಟು ನೋವು ತಿಂಗಳುಗಟ್ಟಲೆ ಉಳಿದು, ನೋಡಲು ಆಮವಾತದಂತೆಯೇ ಕಾಣುತ್ತದೆ. ಜ್ವರ ಯಾವಾಗ ಬಂದಿತ್ತು ಎಂಬ ತಾರೀಖು ಬರೆದಿಟ್ಟುಕೊಳ್ಳಿ. ಡಾಕ್ಟರಿಗೆ ಅದು ಹಲವು ಟೆಸ್ಟಿಗಿಂತ ಉಪಯೋಗದ್ದು.

ಮೂಳೆ ಡಾಕ್ಟರೋ, ರೂಮಟಾಲಜಿಸ್ಟೋ?

ಸವೆತಕ್ಕೆ ಮೂಳೆ ಡಾಕ್ಟರು ಮತ್ತು ಒಳ್ಳೆಯ ಫಿಸಿಯೋಥೆರಪಿಸ್ಟ್ ಸಾಕು. ಕೆಇಎಂ, ಸಾಯನ್, ನಾಯರ್‌ನಂಥ ಪಾಲಿಕೆ ಆಸ್ಪತ್ರೆಗಳ ಓಪಿಡಿಯಲ್ಲಿ ಕೇಸ್ ಪೇಪರ್ ಮಾಡಿಸಿದರೆ ಅತಿ ಕಡಿಮೆ ಖರ್ಚಿನಲ್ಲಿ ಆಗುತ್ತದೆ, ಬೆಳಿಗ್ಗೆ ಬೇಗ ಹೋಗುವ ತಾಳ್ಮೆ ಇದ್ದರೆ. ಊತದ ಅನುಮಾನ ಇದ್ದರೆ ವಾತದ ತಜ್ಞರಾದ ರೂಮಟಾಲಜಿಸ್ಟನ್ನೇ ಹುಡುಕಿ. ಅವರ ಸಂಖ್ಯೆ ಕಡಿಮೆ. ಕೆಲವು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದೆರಡು ದಿನ ಮಾತ್ರ ಕೂರುತ್ತಾರೆ. ಫೋನ್ ಮಾಡಿ ವಾರ ಕೇಳಿಕೊಂಡು ಹೋಗಿ. ಇಲ್ಲಿ ತಡ ಮಾಡಬಾರದು. ನೋವು ಶುರುವಾದ ಮೊದಲ ಮೂರು ತಿಂಗಳೊಳಗೆ ಸರಿಯಾದ ಔಷಧ ಶುರುವಾಗಬೇಕು ಎನ್ನುತ್ತದೆ ಯೂರೋಪಿನ ತಜ್ಞರ ಮಾರ್ಗಸೂಚಿ. ಊತ ಒಮ್ಮೆ ತಿಂದುಹಾಕಿದ ಮೂಳೆಯನ್ನು ಯಾವ ಮಾತ್ರೆಯೂ ತುಂಬಿಕೊಡುವುದಿಲ್ಲ.

ಅತ್ತಿಗೆಗೆ ಅಲ್ಲಿಗೆ ಮುಟ್ಟಲು ಎಂಟು ತಿಂಗಳು ಹಿಡಿಯಿತು. ಕಾರಣ ಒಂದು ರಿಪೋರ್ಟು.

ಯಾವ ಟೆಸ್ಟು ಏನು ಹೇಳುತ್ತದೆ

ಮನೆ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಆಮವಾತಕ್ಕೆ ಮಾಡುವ ಆರ್‌ಎ ಫ್ಯಾಕ್ಟರ್ ಎಂಬ ರಕ್ತದ ಟೆಸ್ಟು ಮಾಡಿಸಿದರು. ನೆಗೆಟಿವ್ ಬಂತು. "ನಿಮಗೆ ವಾತ ಇಲ್ಲ, ಟೆನ್ಷನ್ ಕಡಿಮೆ ಮಾಡಿ" ಎಂದು ನೋವಿನ ಮಾತ್ರೆ ಮುಂದುವರಿಸಿದರು. ನಾವು ಖುಷಿಯಾಗಿ ಪೇಢಾ ಹಂಚಿದೆವು. ಆ ಪೇಢಾ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ, ಅವರ ಮೇಲೆ ಎಷ್ಟೋ ಅಷ್ಟೇ ನಮ್ಮ ಮೇಲೆ.

ಆರ್‌ಎ ಫ್ಯಾಕ್ಟರ್ ಹಳೆಯ ಟೆಸ್ಟು. 1940ರಲ್ಲಿ ನಾರ್ವೆಯ ಎರಿಕ್ ವಾಲರ್ ಅದರ ಮೂಲ ಕಂಡರು. ಇದಕ್ಕಿಂತ ಹೊಸದು ಆ್ಯಂಟಿ ಸಿಸಿಪಿ. 2007ರಲ್ಲಿ ಎರಡರ ಮೇಲಿನ ಹತ್ತಾರು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಕಾಯಿಲೆ ಇರುವ 100 ಜನರಲ್ಲಿ ಆರ್‌ಎ ಫ್ಯಾಕ್ಟರ್ 69 ಜನರನ್ನು ಹಿಡಿಯುತ್ತದೆ, ಸಿಸಿಪಿ 67 ಜನರನ್ನು. ಅಂದರೆ ಎರಡೂ ಮೂರರಲ್ಲಿ ಒಬ್ಬರನ್ನು ಬಿಟ್ಟುಬಿಡುತ್ತವೆ. ವ್ಯತ್ಯಾಸ ಇರುವುದು ಇನ್ನೊಂದು ಕಡೆ. ಈ ಕಾಯಿಲೆ ಇಲ್ಲದ 100 ಜನರಲ್ಲಿ ಆರ್‌ಎ ಫ್ಯಾಕ್ಟರ್ ಸುಮಾರು 15 ಜನರನ್ನು ಸುಮ್ನೆ ಹೆದರಿಸುತ್ತದೆ, ಸಿಸಿಪಿ 5 ಜನರನ್ನು ಮಾತ್ರ. ಟಿಬಿ, ಹೆಪಟೈಟಿಸ್ ಸಿ, ಬರೀ ವಯಸ್ಸು, ಎಲ್ಲಕ್ಕೂ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬರಬಹುದು. ಒಂದನ್ನೇ ಮಾಡಿಸುವಷ್ಟು ದುಡ್ಡಿದ್ದರೆ ನಾನು ಸಿಸಿಪಿ ಮಾಡಿಸುತ್ತೇನೆ. ಅತ್ತಿಗೆಗೆ ಅದು ಪಾಸಿಟಿವ್ ಬಂತು.

ಆದರೆ ಎರಡೂ ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಎಂದೇನಲ್ಲ. ಅಮೆರಿಕ ಮತ್ತು ಯೂರೋಪಿನ ತಜ್ಞರು 2010ರಲ್ಲಿ ಕೂಡಿ ಒಂದು ಅಂಕಪಟ್ಟಿ ಮಾಡಿದರು. ಒಟ್ಟು 10 ಅಂಕ, 6 ಬಂದರೆ ರೂಮಟಾಯ್ಡ್. ಎಷ್ಟು ಗಂಟು, ಯಾವ ಗಂಟು ಎಂಬುದಕ್ಕೇ 5 ಅಂಕ. ಆರ್‌ಎ ಫ್ಯಾಕ್ಟರ್, ಸಿಸಿಪಿಗೆ 3. ಮೈಯಲ್ಲಿನ ಊತ ತೋರಿಸುವ ರಕ್ತದ ಟೆಸ್ಟುಗಳಾದ ಇಎಸ್‌ಆರ್ ಅಥವಾ ಸಿಆರ್‌ಪಿ ಏರಿದ್ದರೆ 1. ಆರು ವಾರ ದಾಟಿದ್ದರೆ 1. ಕೂಡಿಸಿ ನೋಡಿ: ಆ ಎರಡೂ ಟೆಸ್ಟು ನೆಗೆಟಿವ್ ಇದ್ದರೂ 7 ಬರಬಹುದು. ಕೈ ಮುಟ್ಟಿ ನೋಡದೆ ರಿಪೋರ್ಟು ಮಾತ್ರ ನೋಡಿ ಹೇಳುವ ಡಾಕ್ಟರು ಅರ್ಧ ಪ್ರಶ್ನೆಪತ್ರಿಕೆ ಮಾತ್ರ ತಿದ್ದಿದ ಮೇಷ್ಟ್ರು.

ಲ್ಯಾಬುಗಳು ಮಾರುವ ಆರ್ಥ್ರೈಟಿಸ್ ಪ್ರೊಫೈಲ್ ಎಂಬ ದೊಡ್ಡ ಪ್ಯಾಕೇಜ್ ತಾವಾಗಿಯೇ ಮಾಡಿಸಿಕೊಂಡು ಹೋಗಬೇಡಿ. ಹತ್ತು ಟೆಸ್ಟಿನಲ್ಲಿ ಒಂದಾದರೂ ಆಚೀಚೆ ಬರಬಹುದು, ಆಮೇಲೆ ನಿದ್ದೆ ಇಲ್ಲ. ಎಕ್ಸ್‌ರೇ ವಿಷಯ: ಆಮವಾತದ ಶುರುವಿನಲ್ಲಿ ಅದು ಪೂರ್ತಿ ಸರಿ ಕಾಣಬಹುದು. ಆಗ ಗಂಟಿನ ಅಲ್ಟ್ರಾಸೌಂಡ್ ಊತವನ್ನು ತೋರಿಸುತ್ತದೆ. ಅರವತ್ತು ದಾಟಿದ ಎಷ್ಟೋ ಮಂಡಿಗಳಲ್ಲಿ ಎಕ್ಸ್‌ರೇ ಸವೆತ ತೋರಿಸುತ್ತದೆ, ನೋವಿಲ್ಲದವರಲ್ಲೂ. ಮಂಡಿ ಸವೆತಕ್ಕೆ ಎಂಆರ್‌ಐ ಬೇಕಾಗುವುದು ಅಪರೂಪ.

ಊತಕ್ಕೆ ಔಷಧ: ಅಗ್ಗದ್ದೋ, ಹೊಸದೋ?

ನೋವಿನ ಮಾತ್ರೆ ನೋವನ್ನು ಮುಚ್ಚುತ್ತದೆ, ಮೂಳೆ ತಿನ್ನುವುದನ್ನು ನಿಲ್ಲಿಸುವುದಿಲ್ಲ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೆ, ಕಿಡ್ನಿಗೆ ಪೆಟ್ಟು. ಸ್ಟಿರಾಯ್ಡ್ ಮೂರು ದಿನದಲ್ಲಿ ಪವಾಡ ಮಾಡುತ್ತದೆ. 1948ರಲ್ಲಿ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಹಾಸಿಗೆ ಹಿಡಿದಿದ್ದ ರೋಗಿಗೆ ಕಾರ್ಟಿಸೋನ್ ಕೊಟ್ಟಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. 1950ರಲ್ಲಿ ಆ ಕೆಲಸಕ್ಕೆ ನೊಬೆಲ್ ಬಂತು. ಅದರ ಬೆಲೆ ಆಮೇಲೆ ತಿಳಿಯಿತು: ಸಕ್ಕರೆ, ಬಿಪಿ, ಟೊಳ್ಳು ಮೂಳೆ, ಊದಿದ ಮುಖ. ಇವತ್ತು ಅದನ್ನು ಸೇತುವೆಯಂತೆ ಬಳಸುತ್ತಾರೆ. ಅಸಲಿ ಔಷಧ ಹಿಡಿಯುವವರೆಗೆ ಕೆಲವು ವಾರ, ಸಣ್ಣ ಡೋಸು. ಲೋಕಲ್ ಟ್ರೈನಿನ ಗೋಡೆಗೆ ಅಂಟಿಸಿರುತ್ತಾರಲ್ಲ, ಗಂಟು ನೋವು ಗ್ಯಾರಂಟಿ ಮಾಯ ಎಂದು? ಅಂಥ ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ಮೂರೇ ದಿನದಲ್ಲಿ ಆರಾಮಾದರೆ ಖುಷಿಪಡಬೇಡಿ, ಅನುಮಾನಪಡಿ. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸಲೂಬೇಡಿ. ಡಾಕ್ಟರಿಗೆ ಹೇಳಿಯೇ ಇಳಿಸಬೇಕು.

ಅಸಲಿ ಔಷಧ ಎಂದರೆ ಮೆಥೊಟ್ರೆಕ್ಸೇಟ್. ಕ್ಯಾನ್ಸರಿಗೆ ಬಂದದ್ದು. ಸಣ್ಣ ಡೋಸಿನಲ್ಲಿ ಆಮವಾತಕ್ಕೆ ಕೆಲಸ ಮಾಡುತ್ತದೆ ಎಂದು 1985ರ ಪ್ರಯೋಗಗಳು ತೋರಿಸಿದವು, 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಂದಿನಿಂದ ಇಂದಿಗೂ ಮೊದಲ ಆಯ್ಕೆ ಇದೇ. ಪಾಕೆಟಿನಲ್ಲಿ ಕ್ಯಾನ್ಸರ್ ಎಂಬ ಪದ ಓದಿ ಎಸೆದವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಹೆದರಬೇಕಾದ್ದು ಬೇರೆಯದಕ್ಕೆ. ಇದು ವಾರಕ್ಕೆ ಒಂದೇ ದಿನ ತಿನ್ನುವ ಮಾತ್ರೆ. ನಮ್ಮ ಕೆಮಿಸ್ಟ್ ಅಂಗಡಿಯ ಹುಡುಗ ಅಭ್ಯಾಸಬಲದಿಂದ ಪಾಕೆಟಿನ ಮೇಲೆ 0-0-1 ಎಂದು ಗೀಚಿ ಕೊಟ್ಟಿದ್ದ. ಅಂದರೆ ದಿನಾ ರಾತ್ರಿ ಒಂದು! ಅತ್ತಿಗೆ ಎರಡನೇ ರಾತ್ರಿ ಮಾತ್ರೆ ಬಿಡಿಸುವಾಗ ನಾನು ಚೀಟಿ ನೋಡಿದ್ದರಿಂದ ಬಚಾವಾದೆವು. ದಿನಾ ತಿಂದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೇ ಬರುತ್ತದೆ. ಈಗ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ದೊಡ್ಡದಾಗಿ "ಭಾನುವಾರ" ಎಂದು ಬರೆದಿದ್ದೇವೆ. ಜೊತೆಗೆ ಫೋಲಿಕ್ ಆ್ಯಸಿಡ್ ಮಾತ್ರೆ, ಬೇರೆ ದಿನ. ಆಗಾಗ ರಕ್ತಕಣ, ಲಿವರ್, ಕಿಡ್ನಿ ಟೆಸ್ಟು. ಮಗು ಬೇಕೆನ್ನುವವರು ಮೊದಲೇ ಡಾಕ್ಟರಿಗೆ ಹೇಳಬೇಕು, ಗರ್ಭಕ್ಕೆ ಇದು ಆಗದು. ಕುಡಿತವೂ ಆಗದು. ಗುಣ ಕಾಣಲು ಆರರಿಂದ ಹನ್ನೆರಡು ವಾರ. ನಾಲ್ಕನೇ ವಾರದಲ್ಲಿ "ಇದೇನೂ ಪ್ರಯೋಜನ ಇಲ್ಲ" ಎಂದು ಬಿಟ್ಟುಬಿಡಬೇಡಿ.

ಅದೊಂದೇ ಸಾಲದಿದ್ದರೆ? ಇಲ್ಲಿ ದಾರಿ ಕವಲಾಗುತ್ತದೆ. ಒಂದು ಕಡೆ ಹಳೆಯ ಮೂರು ಮಾತ್ರೆಗಳ ಜೋಡಿ: ಮೆಥೊಟ್ರೆಕ್ಸೇಟ್, ಸಲ್ಫಸಲಜೀನ್, ಹೈಡ್ರಾಕ್ಸಿಕ್ಲೋರೋಕ್ವಿನ್. ಇನ್ನೊಂದು ಕಡೆ ಬಯಾಲಾಜಿಕ್ ಇಂಜೆಕ್ಷನ್. ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ 1992ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ರೋಗಿಗಳಿಗೆ ಕೊಟ್ಟು ನೋಡಿದ ದಾರಿ ಅದು. ಊತದ ಸಂದೇಶ ಹೊತ್ತೊಯ್ಯುವ ಟಿಎನ್‌ಎಫ್ ಎಂಬುದನ್ನೇ ಕಟ್ಟಿಹಾಕುವುದು. ಒಳ್ಳೆಯ ಔಷಧ, ಆದರೆ ದುಬಾರಿ. 2013ರಲ್ಲಿ ಮೆಥೊಟ್ರೆಕ್ಸೇಟ್ ಸಾಲದ 353 ರೋಗಿಗಳಲ್ಲಿ ಎರಡನ್ನೂ ಹೋಲಿಸಿದರು. ಅರ್ಧ ಜನಕ್ಕೆ ಮೂರು ಮಾತ್ರೆ, ಅರ್ಧಕ್ಕೆ ಎಟನರ್ಸೆಪ್ಟ್ ಇಂಜೆಕ್ಷನ್. 24 ವಾರಕ್ಕೆ ಗುಣ ಕಾಣದವರಿಗೆ ಅದಲು ಬದಲು. 48 ವಾರದ ಕೊನೆಗೆ ಮೂರು ಮಾತ್ರೆಯವರು ಹಿಂದೆ ಬಿದ್ದಿರಲಿಲ್ಲ. ನನ್ನ ಮಟ್ಟಿಗೆ ಸಂಬಳದ ಮೇಲೆ ನಡೆಯುವ ಮನೆಗಳಿಗೆ ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ. ಮೊದಲು ಮೂರು ಮಾತ್ರೆ, ಆಗದಿದ್ದರೆ ಇಂಜೆಕ್ಷನ್ ಎಂದು ಡಾಕ್ಟರ ಹತ್ತಿರ ಧೈರ್ಯವಾಗಿ ಕೇಳಬಹುದು. ಅತ್ತಿಗೆಗೆ ಮೂರೇ ಸಾಕಾಗಿದೆ. ಹೈಡ್ರಾಕ್ಸಿಕ್ಲೋರೋಕ್ವಿನ್‌ಗಾಗಿ ಕಣ್ಣಿನ ತಪಾಸಣೆ ತಪ್ಪಿಸಬಾರದು. ಹೌದು, 2020ರಲ್ಲಿ ಕೊರೊನಾಕ್ಕೆ ಎಂದು ಊರೆಲ್ಲ ಹುಡುಕಿದ ಮಾತ್ರೆ ಇದೇ. ಆಗ ಇದನ್ನೇ ನಂಬಿದ್ದ ಗಂಟು ನೋವಿನವರು ಅಂಗಡಿ ಅಂಗಡಿ ಅಲೆದಿದ್ದರು.

ಇಂಜೆಕ್ಷನ್ನೇ ಬೇಕಾದರೆ ಎರಡು ಮಾತು. ಅಡಾಲಿಮುಮ್ಯಾಬ್ ಎಂಬ ಟಿಎನ್‌ಎಫ್ ಇಂಜೆಕ್ಷನ್ನಿನ ಜಗತ್ತಿನ ಮೊದಲ ನಕಲು ರೂಪ, ಅಂದರೆ ಬಯೋಸಿಮಿಲರ್, ಬಂದದ್ದು ನಮ್ಮ ದೇಶದಲ್ಲೇ, 2014ರ ಡಿಸೆಂಬರಿನಲ್ಲಿ. ಆಮೇಲೆ ಬೆಲೆ ಇಳಿಯಿತು. ಡಾಕ್ಟರು ಬಯೋಸಿಮಿಲರ್ ಎಂದರೆ ಮುಖ ಸಿಂಡರಿಸಬೇಡಿ. ಎರಡನೆಯದು ಟಿಬಿ. ಈ ಔಷಧಗಳು ಮೈಯೊಳಗೆ ಮಲಗಿರುವ ಟಿಬಿಯನ್ನು ಎಬ್ಬಿಸಬಲ್ಲವು. ಇಂಥದ್ದೇ ಇನ್ನೊಂದು ಔಷಧ ಇನ್‌ಫ್ಲಿಕ್ಸಿಮ್ಯಾಬ್ ತೆಗೆದುಕೊಂಡ 70 ಜನರಿಗೆ ಟಿಬಿ ಬಂದ ವರದಿ 2001ರಲ್ಲೇ ಬಂತು. ಮುಂಬೈಯ ಲೋಕಲ್‌ನಲ್ಲಿ ಓಡಾಡುವವರಿಗೆ ಇದು ದೂರದ ಮಾತಲ್ಲ. ಎದೆಯ ಎಕ್ಸ್‌ರೇ, ಟಿಬಿ ಟೆಸ್ಟು ಇಲ್ಲದೆ ಮೊದಲ ಇಂಜೆಕ್ಷನ್ ಬೇಡ.

ನಡುವೆ ಟೋಫಾಸಿಟಿನಿಬ್ ಎಂಬ ಮಾತ್ರೆ ಇದೆ. ನುಂಗುವುದು ಸುಲಭ, ಬೇಗ ಹಿಡಿಯುತ್ತದೆ. ಆದರೆ 50 ದಾಟಿದ, ಹೃದಯದ ಅಪಾಯ ಇರುವವರಲ್ಲಿ ಹೃದಯಾಘಾತ ಮತ್ತು ಕ್ಯಾನ್ಸರ್ ಟಿಎನ್‌ಎಫ್ ಇಂಜೆಕ್ಷನ್ನಿನವರಿಗಿಂತ ಹೆಚ್ಚು ಕಂಡಿದ್ದರಿಂದ 2021ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಬಿಗಿ ಮಾಡಿತು. ಸರ್ಪಸುತ್ತೂ ಬರಬಹುದು. ಸಿಗರೇಟು ಸೇದುವವರು, ಹಾರ್ಟ್ ತೊಂದರೆ ಇರುವವರು ಸುಲಭ ಎಂದು ಇದನ್ನು ಕೇಳಿ ಪಡೆಯಬಾರದು.

ಮಂಡಿ ಸವೆತಕ್ಕೆ

ಇಲ್ಲಿ ಮಾರಾಟದ ಸರಕು ಜಾಸ್ತಿ, ಸಾಕ್ಷಿ ಕಡಿಮೆ. ಗ್ಲೂಕೋಸಮೈನ್ ಮಾತ್ರೆಯನ್ನು 2006ರಲ್ಲಿ 1583 ಜನರಲ್ಲಿ ನೋಡಿದರು. ಒಟ್ಟಾರೆ ಸಕ್ಕರೆ ಗುಳಿಗೆಗಿಂತ ಮೇಲಲ್ಲ. ರಕ್ತ ತೆಗೆದು ತಿರುಗಿಸಿ ಮತ್ತೆ ಮಂಡಿಗೇ ಚುಚ್ಚುವ ಪಿಆರ್‌ಪಿ ಈಗಿನ ಫ್ಯಾಷನ್. 2021ರಲ್ಲಿ ಆಸ್ಟ್ರೇಲಿಯಾದಲ್ಲಿ 288 ಜನರಿಗೆ, ಅರ್ಧದಷ್ಟಕ್ಕೆ ಪಿಆರ್‌ಪಿ, ಉಳಿದವರಿಗೆ ಬರೀ ಉಪ್ಪುನೀರು ಚುಚ್ಚಿದರು. ವರ್ಷದ ಕೊನೆಗೆ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ದೂರಬೀನಿನಲ್ಲಿ ಮಂಡಿ ತೊಳೆಯುವ ಆರ್ಥ್ರೋಸ್ಕೋಪಿಯ ಕಥೆ ಇನ್ನೂ ಮಜಾ. 2002ರಲ್ಲಿ ಹ್ಯೂಸ್ಟನ್ನಿನಲ್ಲಿ 180 ಜನರಲ್ಲಿ ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದರು, ಒಳಗೆ ಏನೂ ಮಾಡಲಿಲ್ಲ. ಅವರೂ ಅಷ್ಟೇ ಆರಾಮಾದರು! ಬರೀ ಸವೆತಕ್ಕೆ ಯಾರಾದರೂ ಮಂಡಿ ತೊಳೆಯೋಣ ಎಂದರೆ ಎದ್ದು ಬನ್ನಿ.

ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ನೋವು ತಗ್ಗಿಸುತ್ತದೆ. ಮನೆಯಲ್ಲಿ ಮದುವೆ ಇದೆ, ನಡೆಯಲೇಬೇಕು ಎಂದಾಗ ಸರಿ. ಮೂರು ತಿಂಗಳಿಗೊಮ್ಮೆ ಎರಡು ವರ್ಷ ಕೊಟ್ಟು ನೋಡಿದ 2017ರ ಪ್ರಯೋಗದಲ್ಲಿ ನೋವಿಗೂ ಲಾಭವಾಗಲಿಲ್ಲ, ಮೃದ್ವಸ್ಥಿಯೂ ಹೆಚ್ಚು ತೆಳುವಾಯಿತು. 2020ರಲ್ಲಿ 156 ಜನರಲ್ಲಿ ಇದನ್ನು ಫಿಸಿಯೋಥೆರಪಿ ಜೊತೆ ಹೋಲಿಸಿದಾಗ ವರ್ಷದ ನಂತರ ಗೆದ್ದದ್ದು ಫಿಸಿಯೋಥೆರಪಿ. ಅದು ಸುಸ್ತಿನ ದಾರಿ, ಅದಕ್ಕೇ ಯಾರಿಗೂ ಇಷ್ಟ ಇಲ್ಲ. ದೊಡ್ಡಪ್ಪ ಮಾಡುವುದು ಮೂರು. ಮಂಡಿ ಕೆಳಗೆ ಸುತ್ತಿದ ಪಂಚೆ ಇಟ್ಟು ಅದನ್ನು ಒತ್ತಿ ಹತ್ತು ಎಣಿಸುವುದು. ಕಾಲು ನೆಟ್ಟಗೆ ಎತ್ತಿ ಹಿಡಿಯುವುದು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. ನೋವಿದ್ದ ದಿನ ಮಾತ್ರೆಗಿಂತ ಮೊದಲು ಡೈಕ್ಲೋಫಿನ್ಯಾಕ್ ಜೆಲ್. ಇನ್ನು ತೂಕ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು 4 ಕೆಜಿ ಭಾರ ಕಡಿಮೆ ಎಂದು 2005ರಲ್ಲಿ ಅಳೆದಿದ್ದಾರೆ. ಸಂಜೆಯ ಎರಡನೇ ಪ್ಲೇಟ್ ಗೋಳಿಬಜೆ ನಿಂತದ್ದು ಈ ಒಂದು ವಾಕ್ಯದಿಂದ.

ಆಯುರ್ವೇದ? ತಳ್ಳಿಹಾಕುವಂತಿಲ್ಲ. ಪುಣೆಯ ಅರವಿಂದ ಚೋಪ್ರಾ ಮತ್ತು ಸಂಗಡಿಗರು ಶುಂಠಿ, ಅಮೃತಬಳ್ಳಿ, ನೆಲ್ಲಿ, ಶಲ್ಲಕಿ ಇರುವ ಔಷಧವನ್ನು 440 ಮಂಡಿ ರೋಗಿಗಳಲ್ಲಿ ಗ್ಲೂಕೋಸಮೈನ್ ಮತ್ತು ನೋವಿನ ಮಾತ್ರೆ ಸೆಲೆಕಾಕ್ಸಿಬ್ ಜೊತೆ ಹೋಲಿಸಿ 2013ರಲ್ಲಿ ಪ್ರಕಟಿಸಿದರು. ಸರಿಸಮ ಎಂದು ಬಂತು. ಆದರೆ ಕೆಲವರ ಲಿವರ್ ಟೆಸ್ಟು ಏರಿತ್ತು. 2021ರಲ್ಲಿ ಮುಂಬೈಯ ಲಿವರ್ ತಜ್ಞರು ಅಮೃತಬಳ್ಳಿ ಸೇವಿಸಿದ ಆರು ಜನರಲ್ಲಿ ಲಿವರ್ ಊತದ ವರದಿ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನನ್ನ ಸಲಹೆ ಸರಳ: ಮಂಡಿಗೆ ವೈದ್ಯರು ಕೊಟ್ಟ ಕಷಾಯ ಇರಲಿ, ಲಿವರ್ ಟೆಸ್ಟು ಜೊತೆಗಿರಲಿ. ಮೆಥೊಟ್ರೆಕ್ಸೇಟ್ ತಿನ್ನುವವರು ಮಾತ್ರ ಡಾಕ್ಟರಿಗೆ ಹೇಳದೆ ಅಮೃತಬಳ್ಳಿ ಮುಟ್ಟಬೇಡಿ.

ಕೊನೆಗೆ ಮಂಡಿ ಬದಲಿ. ಡೆನ್ಮಾರ್ಕಿನ 2015ರ ಪ್ರಯೋಗದಲ್ಲಿ 100 ಜನ ಇದ್ದರು. ಅರ್ಧ ಜನಕ್ಕೆ ಆಪರೇಷನ್ ಮತ್ತು ವ್ಯಾಯಾಮ, ಅರ್ಧಕ್ಕೆ ಬರೀ ವ್ಯಾಯಾಮ, ತೂಕ ಇಳಿಕೆ, ಮಾತ್ರೆ. ವರ್ಷದ ನಂತರ ಆಪರೇಷನ್ನಿನವರ ನೋವು ಸ್ಪಷ್ಟವಾಗಿ ಹೆಚ್ಚು ಇಳಿದಿತ್ತು. ತೊಡಕುಗಳೂ ಅವರಲ್ಲೇ ಹೆಚ್ಚು. ಇನ್ನೊಂದು ಗುಂಪಿನ 50ರಲ್ಲಿ 13 ಜನ ಅಷ್ಟರಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು. ಅಂದರೆ 37 ಜನರಿಗೆ ಆ ವರ್ಷ ಬೇಕಾಗಲಿಲ್ಲ. ರಾತ್ರಿ ನಿದ್ದೆಗೆಡಿಸುವ ನೋವು, ಬಿಲ್ಡಿಂಗಿನ ಮೆಟ್ಟಿಲಿಳಿಯದೆ ಮನೆಯಲ್ಲೇ ಕೂತುಬಿಡುವ ಸ್ಥಿತಿ ಬಂದರೆ ಮುಂದೂಡಬಾರದು. ಎಕ್ಸ್‌ರೇಯಲ್ಲಿ ನಾಲ್ಕನೇ ಗ್ರೇಡ್, ಅಂದರೆ ಸವೆತದ ಕೊನೆಯ ಹಂತ, ಎಂದಷ್ಟಕ್ಕೇ ಓಡಲೂಬಾರದು.

"ಎಂತ ಮಾರಾಯ್ತಿ, ಮಂಡಿಗೂ ಗ್ಯಾರಂಟಿ ಕಾರ್ಡು ಕೊಡ್ತಾರಾ?" ಎಂದು ದೊಡ್ಡಪ್ಪ ಕೇಳಿದ್ದರು. ಕಾರ್ಡಿಲ್ಲ, ಲೆಕ್ಕ ಇದೆ. 2019ರಲ್ಲಿ ಹಲವು ದೇಶಗಳ ದಾಖಲೆ ಒಟ್ಟು ಮಾಡಿ ನೋಡಿದಾಗ ಪೂರ್ತಿ ಬದಲಿಸಿದ ಮಂಡಿಗಳಲ್ಲಿ 82 ಶೇಕಡಾ, ಅರ್ಧ ಬದಲಿಸಿದವುಗಳಲ್ಲಿ 70 ಶೇಕಡಾ 25 ವರ್ಷ ಬಾಳಿದ್ದವು. ಇಂಪ್ಲಾಂಟಿನ ಬೆಲೆಗೆ 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿತು. ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ₹54,720. ಆದ್ದರಿಂದ ಬಿಲ್ ಹೋಲಿಸುವಾಗ ಇಂಪ್ಲಾಂಟಿನ ಸಾಲು ಬೇರೆ, ಉಳಿದದ್ದು ಬೇರೆ ಬರೆಸಿಕೊಳ್ಳಿ. ವ್ಯತ್ಯಾಸ ಇರುವುದು ರೂಮಿನಲ್ಲಿ, ಓಟಿ ಚಾರ್ಜಿನಲ್ಲಿ, ಈಗ ರೋಬೋ ಎಂಬ ಹೆಸರಿನಲ್ಲಿ. ಪಡಿತರ ಚೀಟಿ ಇದ್ದರೆ ಸರ್ಕಾರದ ಜನ ಆರೋಗ್ಯ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನೇ ಕೇಳಿ. ಏಜೆಂಟರನ್ನಲ್ಲ.

ದೊಡ್ಡಪ್ಪ ಸದ್ಯಕ್ಕೆ ಆಪರೇಷನ್ ಬೇಡ ಎಂದಿದ್ದಾರೆ. ಮೂರು ತಿಂಗಳು ಪಂಚೆ ಒತ್ತಿದ ಮೇಲೆ ಮೊನ್ನೆ ದಾದರ್ ಸ್ಟೇಷನ್ನಿನ ಸೇತುವೆಯನ್ನು ರೇಲಿಂಗ್ ಹಿಡಿಯದೆ ಹತ್ತಿದರು. ಇಳಿಯುವಾಗ ಮಾತ್ರ ಎಸ್ಕಲೇಟರ್ ಎಲ್ಲಿದೆ ಎಂದು ಕೇಳಿದರು.